ಹುಣಸೆಹಣ್ಣಿನಲ್ಲಿ ಬೆಳಗಿದ ಗಡಿಯಾರ

ಆವತ್ತು ಭಾನುವಾರ. ನಾನು ಅಣ್ಣನ ಮನೆಗೆ ಹೋಗಿದ್ದೆ. ನನ್ನನ್ನು ಕೊಟ್ಟಿದ್ದು ಅದೇ ಊರಿಗೆ, ಎರಡು ಬೀದಿ ಆಚೆಗೆ. ಹಾಗಾಗಿ ತವರು ಅಂದರೆ ನನಗೆ ಬಸ್ಸು ಹತ್ತಿ ಹೋಗುವ ಜಾಗ ಆಗಿರಲಿಲ್ಲ. ಅವರೆಕಾಯಿಯ ಕಾಲ. ಅತ್ತಿಗೆಯೂ ನಾನೂ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕೂತು ನೆನೆಸಿದ ಕಾಳನ್ನು ಹಿತುಕುತ್ತಿದ್ದೆವು. ಅಣ್ಣ ಜಗಲಿಯ ಮೇಲೆ, ಎಳೆ ಬಿಸಿಲು ಬೀಳುವ ಮೂಲೆಯಲ್ಲಿ ಮಣೆ ಹಾಕಿಕೊಂಡು ತನ್ನ ಕೈಗಡಿಯಾರ ತೊಳೆಯುತ್ತಿದ್ದ.

ಅವನ ಮುಂದೆ ಒಂದು ಸಣ್ಣ ಸ್ಟೀಲ್ ಬಟ್ಟಲು. ಅವನ ಮಗಳು ಕೂಸಾಗಿದ್ದಾಗ ರಾಗಿ ಸರಿ ತಿನ್ನಿಸುತ್ತಿದ್ದ ಬಟ್ಟಲು ಅದು. ಅದರಲ್ಲಿ ಉಗುರುಬೆಚ್ಚಗಿನ ನೀರು, ಮಕ್ಕಳ ಸೋಪಿನ ಒಂದು ಚೂರು ಕದಡಿದ ನೊರೆ. ಕೈಯಲ್ಲಿ ಎಳೆ ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು. ತೊಳೆಯುವ ಮೊದಲು ಹೊತ್ತು ಹೊಂದಿಸುವ ಪಕ್ಕದ ತಿರುಗಣೆ ಬಿಗಿಯಾಗಿದೆಯೇ ಎಂದು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದ. ಅದು ಸಡಿಲವಿದ್ದರೆ ನೀರು ಒಳಗೆ ಹೋಗುತ್ತದಂತೆ. ಆಮೇಲೆ ಪಟ್ಟಿಯ ಒಂದೊಂದೇ ಕೊಂಡಿಯನ್ನು ಅಗಲಿಸಿ, ಸಂದಿಯಲ್ಲಿ ಕೂತ ಬೆವರಿನ ಜಿಡ್ಡನ್ನು ಬಿಡಿಸುತ್ತಿದ್ದ. ಅವಸರ ಎಂಬುದೇ ಇರಲಿಲ್ಲ.

ಅತ್ತಿಗೆ ಕಾಳು ಹಿತುಕುತ್ತಲೇ ನನ್ನ ಕಡೆ ತಿರುಗಿ, “ಒಂದಿನ ನನ್ನ ಮಕ ಹಿಂಗೆ ನೋಡಿಲ್ಲ ನೋಡಮ್ಮಿ ನಿಮ್ಮಣ್ಣ” ಅಂದರು.

ಅಣ್ಣ ತಲೆ ಎತ್ತಲಿಲ್ಲ. “ನಿನ್ನ ನೋಡ್ದಿದ್ರೂ ನಡೀತೀಯ ಕಣೆ. ಇದು ಕಟ್ಕೊಳ್ದಿದ್ರೆ ನಿಂತೋಗುತ್ತೆ.”

ಅತ್ತಿಗೆ ಒಂದು ಸಿಪ್ಪೆಯನ್ನು ಅವನ ಬೆನ್ನಿಗೆ ಎಸೆದರು. ನಾವು ಮೂವರೂ ನಕ್ಕಿದ್ದು ಅದೇ ಕೊನೆ.

ಮಾರನೆಯ ಬೆಳಿಗ್ಗೆ ಅವನು ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಕೈಯಲ್ಲಿ ಹಿಡಿದು ಹೊರಗೆ ಬಂದು, ಯಾಕೋ ಸುಸ್ತು ಅಂತ ಮೆಟ್ಟಿಲ ಮೇಲೆ ಕೂತನಂತೆ. ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಯ ನರ್ಸು ಅವನ ಕೈಯಿಂದ ಗಡಿಯಾರ ಬಿಚ್ಚಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಕವರಿನ ಒಳಗೆ ಅದು ನಡೆಯುತ್ತಲೇ ಇತ್ತು...

ನಾನು ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ತಾಯಂದಿರು ಮಕ್ಕಳನ್ನು ತಂದು ಬಿಡುವಾಗ, ಸ್ನಾನ ಮಾಡಿಸಿ ಆಗಷ್ಟೇ ಕರೆತಂದ ಒಂದೊಂದು ಕೂಸಿನ ಮೈಯಿಂದ ಅದೇ ಸೋಪಿನ ವಾಸನೆ ಬರುತ್ತದೆ. ಆಗ ಕೂಸನ್ನು ಎತ್ತಿಕೊಂಡವಳು ಹಾಗೇ ಸ್ವಲ್ಪ ಹೊತ್ತು ನಿಂತುಬಿಡುತ್ತೇನೆ. ತಾಯಂದಿರು ನನಗೆ ಮಕ್ಕಳ ಮೇಲೆ ಬಹಳ ಪ್ರೀತಿ ಅಂದುಕೊಳ್ಳುತ್ತಾರೆ. ಪ್ರೀತಿ ಇದೆ. ಆದರೆ ಆ ಹೊತ್ತಿನಲ್ಲಿ ನನಗೆ ಕಾಣುವುದು ಜಗಲಿ, ಬಟ್ಟಲು, ಬಗ್ಗಿದ ಬೆನ್ನು.

ನಮಗೆ ದ್ರಾಕ್ಷಿ ತೋಟ ಇತ್ತು. ದೇವನಹಳ್ಳಿ ಕಡೆ ಬಹಳ ಜನಕ್ಕೆ ಇದ್ದಂತೆ, ಕಪ್ಪು ದ್ರಾಕ್ಷಿ. ಅಪ್ಪ ಹಾಕಿದ ಚಪ್ಪರ, ಅಣ್ಣ ಬೆಳೆಸಿದ ಬಳ್ಳಿ. ಕಾರ್ಖಾನೆಗಳಿಗೆಂದು ಆ ಕಡೆಯ ಜಮೀನೆಲ್ಲ ಹೋದಾಗ ನಮ್ಮದೂ ಹೋಯಿತು. ಪರಿಹಾರ ಬಂತು. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಮಾಡಿದರು. ಮಾಳಿಗೆ ಮನೆ ಕಟ್ಟಿದವರಿದ್ದಾರೆ, ಕಾರು ತಂದವರಿದ್ದಾರೆ, ಊರಿಗೆಲ್ಲ ಬಾಡೂಟ ಹಾಕಿಸಿದವರಿದ್ದಾರೆ. ಅಣ್ಣ ಮನೆಗೆ ಸುಣ್ಣ ಹೊಡೆಸಿದ, ಮಗಳ ಹೆಸರಿಗೆ ಬ್ಯಾಂಕಿನಲ್ಲಿಟ್ಟ, ಅವ್ವನಿಗೆ ಓಲೆ ಮಾಡಿಸಿದ. ಆಮೇಲೆ ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೆಂಗಳೂರಿಗೆ ಹೋಗಿ, ಹೊರದೇಶದ ಕೈಗಡಿಯಾರ ಒಂದನ್ನು ಕಟ್ಟಿಕೊಂಡು ಬಂದ. ಕನ್ನಡಿಯಂತೆ ಹೊಳೆಯುವ ಉಕ್ಕಿನದು. ಮುಖ ಕಡುನೀಲಿ. ಅಂಗಡಿಯವರು ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟರು ಎಂದು ಅವ್ವನಿಗೆ ಹೇಳಿದ. ಅವ್ವ, “ಸಕ್ಕರೆ ಹಾಕಿದ್ರಾ?” ಎಂದು ಕೇಳಿದಳು.

ಊರು ಸುಮ್ಮನಿರುತ್ತದೆಯೇ. “ಎರಡು ಗುಂಟೆ ಕೈಗೆ ಕಟ್ಕೊಂಡವ್ನೆ ನೋಡ್ರಪ್ಪ” ಎಂಬ ಮಾತು ಟೀ ಅಂಗಡಿಯಲ್ಲಿ ಹುಟ್ಟಿ ಎಲ್ಲ ಬೀದಿಗೂ ಬಂತು. ಅವನು ಅಲ್ಲಿ ಹೋಗಿ ಕೂತರೆ ಸಾಕು, “ಗುರು, ಗುಂಟೆ ಎಷ್ಟಾಯ್ತು?” ಅನ್ನುತ್ತಿದ್ದರು. ಅಣ್ಣ ಅವರ ಜೊತೆ ತಾನೂ ನಕ್ಕು, ಕೈ ತಿರುಗಿಸಿ, ಸರಿಯಾದ ಹೊತ್ತು ಹೇಳಿ ಟೀ ಕುಡಿಯುತ್ತಿದ್ದ. ಕೋಪ ಬಂದಿದ್ದು ಅತ್ತಿಗೆಗೆ. ಸ್ವಲ್ಪ ದಿನ ನನಗೂ ಬಂದಿತ್ತು. ಇಷ್ಟು ದುಬಾರಿಯದು ಯಾಕಣ್ಣ ಬೇಕಿತ್ತು ಎಂದು ಒಮ್ಮೆ ಕೇಳಿದೆ. ಅವನಿಗೆ ಮಾತು ಕಡಿಮೆ. “ತೋಟ ಇದ್ದಾಗ ಎದ್ದ ತಕ್ಷಣ ಹೋಗಿ ನೋಡ್ಕೊಳ್ಳೋಕೆ ಒಂದಿತ್ತು ಕಣಮ್ಮಿ...” ಎಂದು ಶುರು ಮಾಡಿ, ಅಲ್ಲಿಗೇ ಬಿಟ್ಟ.

ಅದಕ್ಕೆ ಬ್ಯಾಟರಿ ಇರಲಿಲ್ಲ. ಕೈಯ ಅಲುಗಾಟದಿಂದಲೇ ನಡೆಯುವ ಜಾತಿಯದು. ಬಿಚ್ಚಿಟ್ಟು ಎರಡು ದಿನ ಬಿಟ್ಟರೆ ನಿಂತುಹೋಗುತ್ತದೆ. ಹಸುವಿನ ಹಾಗೆ, ಒಂದು ಹೊತ್ತು ಮರೆತರೆ ಮುಖ ತಿರುಗಿಸುತ್ತದೆ ಎನ್ನುತ್ತಿದ್ದ ಅಣ್ಣ. ಅದನ್ನು ನೋಡಿಕೊಳ್ಳುವ ರೀತಿಯನ್ನು ಅವನು ಅಂಗಡಿಯಲ್ಲಿ ಕೇಳಿ ಕೇಳಿ ಕಲಿತಿದ್ದ. ಕುದಿಯುವ ನೀರು ಮುಟ್ಟಿಸಬಾರದು. ಸೆಂಟು ತಾಗಿಸಬಾರದು. ಟಿವಿ, ಸ್ಪೀಕರಿನ ಪಕ್ಕ ಇಡಬಾರದು, ಅಯಸ್ಕಾಂತ ಹಿಡಿದರೆ ಹೊತ್ತು ತಪ್ಪುತ್ತದೆ. ರಾತ್ರಿ ಹೊತ್ತು ತಾರೀಕು ತಿರುಗಿಸಬಾರದು, ಒಳಗಿನ ಚಕ್ರದ ಹಲ್ಲು ಮುರಿಯುತ್ತದೆ. ಈ ಕೊನೆಯದನ್ನು ಕೇಳಿ ಅತ್ತಿಗೆ, ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು ಅನ್ನೋದೊಂದಿತ್ತು, ಈಗ ಇದೊಂದು ಸೇರಿತು ಎಂದು ಗೊಣಗಿದ್ದರು. ತೋಟ ಹೋದ ಮೇಲೂ ಅಣ್ಣ ಬೇರೆಯವರ ತೋಟಕ್ಕೆ ಬಳ್ಳಿ ಕತ್ತರಿಸಲು ಹೋಗುತ್ತಿದ್ದ. ಆಗ ಗಡಿಯಾರ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯ ಮೇಲಿನ ಬಟ್ಟಲಲ್ಲಿ ಇಡುತ್ತಿದ್ದ. ಒರೆಸುವ ಬಟ್ಟೆ ಅವ್ವನ ಹಳೆಯ ನೂಲಿನ ಸೀರೆಯ ತುಂಡು. ಅದಕ್ಕಿಂತ ಮೆತ್ತಗಿನದು ಆ ಮನೆಯಲ್ಲಿ ಇನ್ನೊಂದು ಇರಲಿಲ್ಲ.

ಅವ್ವನ ವಿಷಯಕ್ಕೇ ಬರಬೇಕು.

ಆಯುಧಪೂಜೆಯ ಹಿಂದಿನ ದಿನ ಅವ್ವನದು ಎಂದು ಒಂದು ಕೆಲಸ ಇತ್ತು. ಮನೆಯಲ್ಲಿರುವ ಲೋಹವನ್ನೆಲ್ಲ ಹಿತ್ತಲ ಕಲ್ಲಿನ ಹತ್ತಿರ ಗುಡ್ಡೆ ಹಾಕಿಕೊಂಡು ಬೆಳಗುವುದು. ದೀಪದ ಕಂಬ, ಚೊಂಬು, ಗಂಟೆ, ಕುಡುಗೋಲು, ಮಚ್ಚು, ಅಣ್ಣನ ದ್ರಾಕ್ಷಿ ಕತ್ತರಿ. ನಲ್ಲೂರಿನ ಕಡೆಯಿಂದ ತರಿಸಿದ ಹುಣಸೆಹಣ್ಣಿನಲ್ಲಿ ಹೊಸದು ಸಾರಿಗೆ, ಹಳೆಯದಾಗಿ ಕಪ್ಪಾದದ್ದು ಪಾತ್ರೆಗೆ. ಅದರ ಜೊತೆಗೆ ಜರಡಿ ಹಿಡಿದ ಇಟ್ಟಿಗೆ ಪುಡಿ, ಒಂದು ಹಿಡಿ ತೆಂಗಿನ ನಾರು. ಇನ್ನೊಬ್ಬರು ಮಾಡಿದರೆ ಅವಳಿಗೆ ಸಮಾಧಾನ ಆಗುತ್ತಿರಲಿಲ್ಲ. ಆ ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು. ಹೊಳಪು ಬಂತೇ ಎಂದು ಬೆರಳು ಆಡಿಸಿ ನೋಡಿಯೇ ತಿಳಿಯುತ್ತಿದ್ದಳು.

ಗಡಿಯಾರ ಬಂದ ವರ್ಷ ಅಣ್ಣ ಹಸುಗಳ ಮೈ ತೊಳೆಯಲು ಹೋಗುವಾಗ ಅದನ್ನು ಬಿಚ್ಚಿ ದೇವರ ಮನೆಯಲ್ಲಿ, ಪೂಜೆಗೆ ಎಂದು ತೆಗೆದಿಟ್ಟ ಕತ್ತರಿಯ ಪಕ್ಕ ಇಟ್ಟಿದ್ದ. ಅವ್ವ ಎಲ್ಲವನ್ನೂ ಮಡಿಲಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋದಳು. ನಾನು ಬಾಳೆಕಂದು ತೆಗೆದುಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ದೀಪಗಳು ಬಿಟ್ಟು ಉಳಿದ ಕೆಲಸ ಮುಗಿದಿತ್ತು. ಬೆಳಗಿದ್ದೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಒಣಗುತ್ತಿತ್ತು. ಚೊಂಬು, ಗಂಟೆ, ಕತ್ತರಿ, ಆಮೇಲೆ ಗಡಿಯಾರ.

ಅದೇ ಹೊತ್ತಿಗೆ ಅಣ್ಣ ಒದ್ದೆ ಕಾಲಲ್ಲಿ ಬಂದ. ಅವ್ವ ಗಡಿಯಾರವನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು.

“ಎಲ್ಲದಕ್ಕಿಂತ ಜಾಸ್ತಿ ಹೊತ್ತು ಉಜ್ಜಿದ್ದು ಇದನ್ನೇ ಕಣ್ಲಾ. ಸಂದೀಲೆಲ್ಲ ಜಿಡ್ಡು ಕೂತಿತ್ತು. ನೋಡು, ಹೊಸದರಂಗೆ ಆಗೈತಾ?”

ಅಣ್ಣ ಅದನ್ನು ಬಿಸಿಲಿಗೆ ಹಿಡಿದ. ಗಾಜಿಗೆ ಏನೂ ಆಗಿರಲಿಲ್ಲ, ಒಳಗೆ ಮುಳ್ಳು ನಡೆಯುತ್ತಿತ್ತು. ಆದರೆ ಕನ್ನಡಿಯಂತಿದ್ದ ಉಕ್ಕಿನ ತುಂಬ, ಅಂಚಿನಿಂದ ಪಟ್ಟಿಯ ಕೊನೆಯ ಕೊಂಡಿಯವರೆಗೆ, ಸುತ್ತು ಸುತ್ತು ಗೀರುಗಳು. ನಮ್ಮನೆಯ ಹಿತ್ತಾಳೆ ಚೊಂಬಿನ ಮೇಲೆ ಇರುವಂಥವೇ. ಅಣ್ಣ ಅದನ್ನು ಒಮ್ಮೆ ತಿರುಗಿಸಿ ನೋಡಿ ಕೈಗೆ ಕಟ್ಟಿಕೊಂಡ.

“ಚೆನ್ನಾಗೈತೆ ಕಣವ್ವ” ಅಂದ.

ಅವ್ವ ಇಟ್ಟಿಗೆ ಪುಡಿಯ ಕೈಯಲ್ಲೇ ಮೂಗು ಒರೆಸಿಕೊಂಡು, ಮುಂದಿನ ದೀಪ ಎತ್ತಿಕೊಂಡಳು.

ಒಳಗೆ ಅತ್ತಿಗೆ ಅತ್ತೇಬಿಟ್ಟರು. ಅಣ್ಣ ಬಾಗಿಲು ಮುಂದೆ ಮಾಡಿ, ಅವ್ವನ ಕಿವಿಗೆ ಬೀಳಬಾರದು ಎಂದಷ್ಟೇ ಹೇಳಿದ. ಹಬ್ಬ ಕಳೆದ ಮೇಲೆ ಬೆಂಗಳೂರಿನ ಅಂಗಡಿಗೆ ಹೋಗಿ ತೋರಿಸಿಕೊಂಡು ಬಂದ. ಇದೇನೂ ದೊಡ್ಡದಲ್ಲ, ಬಿಟ್ಟು ಹೋಗಿ, ಪಾಲಿಶ್ ಮಾಡಿ ಹೊಸದರಂತೆ ಮಾಡಿ ಕೊಡುತ್ತೇವೆ ಅಂದರಂತೆ. ಅವನು ಬಿಟ್ಟು ಬರಲಿಲ್ಲ. ಯೋಚನೆ ಮಾಡಿ ಬರುತ್ತೇನೆ ಎಂದು ಹೇಳಿ ಕೈಗೆ ಕಟ್ಟಿಕೊಂಡು ವಾಪಸ್ಸು ಬಂದ. ಆಮೇಲೆ ಹೋಗಲೇ ಇಲ್ಲ.

ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಅವ್ವನೇ ಹಿತ್ತಲಿನಿಂದ ಕೂಗಿದಳು. “ಎಲ್ಲೋ ನಿನ್ನ ಗಡಿಯಾರ? ತತ್ತಾ ಇಲ್ಲಿ.”

ಅತ್ತಿಗೆ ಅಣ್ಣನ ಮುಖ ನೋಡಿದರು. ನಾನೂ ನೋಡಿದೆ. ಅವನು ಮಣಿಕಟ್ಟಿನಿಂದ ಅದನ್ನು ಬಿಚ್ಚಿ, ತಿರುಗಣೆ ಬಿಗಿ ಇದೆಯೇ ಎಂದು ನೋಡಿ, ಹೋಗಿ ಅವ್ವನ ಕೈಗೆ ಕೊಟ್ಟು ಬಂದ. ಅದರ ಮುಂದಿನ ವರ್ಷವೂ ಹಾಗೇ. ವರ್ಷವೆಲ್ಲ ಭಾನುವಾರ ಭಾನುವಾರ ಮಕ್ಕಳ ಸೋಪಿನಲ್ಲಿ ಕೂಸಿನ ಹಾಗೆ ತೊಳೆಯುವುದು, ವರ್ಷಕ್ಕೊಂದು ದಿನ ಹುಣಸೆಹಣ್ಣು, ಇಟ್ಟಿಗೆ ಪುಡಿಗೆ ಕೊಡುವುದು. ಯಾಕಣ್ಣ ಹೀಗೆ ಎಂದು ಕೇಳಿದ್ದಕ್ಕೆ, “ಕತ್ತರೀನೂ ಹಂಗೇ ಉಜ್ಜೋಳಲ್ವಾ ಅವ್ವ” ಅಂದ. ಅಷ್ಟೇ. ತೋಟ ಹೋದ ಮೇಲೂ ಅವ್ವ ಅವನ ಕತ್ತರಿಯನ್ನು ಉಜ್ಜುವುದು ಬಿಟ್ಟಿರಲಿಲ್ಲ. ಆ ಸಾಲಿಗೆ ಇದನ್ನೂ ಸೇರಿಸಿಕೊಂಡಿದ್ದಳು. ಮಗ ಕೈಯಲ್ಲಿ ಹಿಡಿದು ದುಡಿಯುವ ವಸ್ತು ಎಂದುಕೊಂಡಿದ್ದಳೋ ಏನೋ... ನಾವು ಯಾರೂ ಕೇಳಲಿಲ್ಲ.

ಅವ್ವ ಹೋದಳು. ಆ ವರ್ಷದ ಹಬ್ಬಕ್ಕೆ ದೀಪಗಳನ್ನು ನಾನೇ ಬೆಳಗಿದೆ. ಅಣ್ಣ ಗಡಿಯಾರವನ್ನು ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸೋಪಿನ ನೀರಿನಲ್ಲಿ ತೊಳೆದು, ಪೂಜೆಯಲ್ಲಿಟ್ಟು, ಕುಂಕುಮ ಇಟ್ಟ. ಸಂಜೆ ಆ ಕುಂಕುಮವನ್ನು ಬ್ರಷ್ಷಿನಿಂದ ಬಿಡಿಸಲು ಒದ್ದಾಡಿದ. ಅಲ್ಲಿಂದ ಮುಂದೆ ಅದರ ಮೇಲೆ ಹೊಸ ಗೀರು ಬೀಳಲಿಲ್ಲ. ಇದ್ದವು ಇದ್ದಂತೆ ಉಳಿದವು. ಭಾನುವಾರ ತೊಳೆದು ಒರೆಸಿದ ಮೇಲೆ ಅವನು ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಸ್ವಲ್ಪ ಹೊತ್ತು ನೋಡುತ್ತಿದ್ದ. ಹೊತ್ತು ನೋಡುವವರು ಹಾಗೆ ಹಿಡಿಯುವುದಿಲ್ಲ.

ಅಣ್ಣ ಹೋದ ಮೇಲೆ ಗಡಿಯಾರ ಬೀರುವಿನಲ್ಲಿತ್ತು. ತಿಥಿಯ ದಿನ ಅತ್ತಿಗೆ ಯಾವುದೋ ಸೀರೆ ತೆಗೆಯಲು ಬೀರು ತೆಗೆದವರು ಅಲ್ಲೇ ಕೂತುಬಿಟ್ಟರು. ಅದು ನಿಂತುಹೋಗಿತ್ತು. ನನ್ನನ್ನು ಕರೆದು ಕೈಯಲ್ಲಿ ತುರುಕಿ, “ನೀನೇ ಇಟ್ಕೊ ಸ್ವಲ್ಪ ದಿನ. ನಂಗೆ ಅದನ್ನ ನೋಡಕ್ಕಾಗಲ್ಲ ಕಣಮ್ಮಿ” ಅಂದರು.

ನಾನು ಇಟ್ಟುಕೊಂಡೆ. ಅಲ್ಲ, ಕಟ್ಟಿಕೊಂಡೆ. ಬಲಗೈಯ ಗಾಜಿನ ಬಳೆ ತೆಗೆದುಹಾಕಿ ಅದನ್ನು ಹಾಕಿಕೊಂಡೆ. ನನ್ನ ಕೈಗೆ ಬಹಳ ದೊಡ್ಡದು, ಮೊಳಕೈಯವರೆಗೂ ಜಾರುತ್ತಿತ್ತು. ಅಂಗನವಾಡಿಯ ಮಕ್ಕಳು ಅದನ್ನು ಕಿವಿಗೆ ಹಿಡಿದುಕೊಂಡು ಕೇಳುತ್ತಿದ್ದವು. ಹಿಟ್ಟು ಕಲಸುವಾಗ, ಪಾತ್ರೆ ತೊಳೆಯುವಾಗ ಬಿಚ್ಚಿಡುತ್ತಿದ್ದೆ. ಭಾನುವಾರ ಅದೇ ಬಟ್ಟಲು ತಂದು, ಅದೇ ಬ್ರಷ್ಷಿನಿಂದ ತೊಳೆಯುತ್ತಿದ್ದೆ. ಮನೆಯವರು ಪೇಪರು ಓದುತ್ತ ಓರೆಗಣ್ಣಿನಲ್ಲಿ ನೋಡಿ ಮತ್ತೆ ಪುಟ ತಿರುಗಿಸುತ್ತಿದ್ದರು. ಕೊಂಡಿಗಳ ಸಂದಿಯಿಂದ ಮೊದಲ ಸಲ ಬಂದ ಜಿಡ್ಡು ಅಣ್ಣನದು. ಅದನ್ನು ಚರಂಡಿಗೆ ಚೆಲ್ಲಲು ಮನಸ್ಸಾಗದೆ ದಾಸವಾಳದ ಬುಡಕ್ಕೆ ಹಾಕಿದೆ. ಆಮೇಲಿನದೆಲ್ಲ ನನ್ನದೇ. ಉಕ್ಕಿನ ಮೇಲೆ ಬೆರಳಾಡಿಸಿದರೆ ಗೀರುಗಳು ಸಿಗುತ್ತಿರಲಿಲ್ಲ, ಅಷ್ಟು ಸಣ್ಣವು. ಬಿಸಿಲಿಗೆ ಓರೆ ಮಾಡಿದರೆ ಎಲ್ಲ ಎದ್ದು ಕಾಣುತ್ತಿದ್ದವು. ಅವ್ವನ ಕೈ ಯಾವ ಕಡೆ ತಿರುಗಿತ್ತು ಎಂಬುದು ಕೂಡ ತಿಳಿಯುತ್ತಿತ್ತು. ಒಂದೇ ವಸ್ತುವಿನಲ್ಲಿ ಇಬ್ಬರೂ ಇದ್ದರು.

ವರ್ಷ ಕಳೆದ ಮೇಲೆ ಅಣ್ಣನ ಮಗಳಿಗೆ ಹೊಸಕೋಟೆ ಕಡೆಯ ಸಂಬಂಧ ಕೂಡಿಬಂತು. ಒಳ್ಳೆಯ ಹುಡುಗ, ನಂದಗುಡಿ ಹತ್ತಿರ ತರಕಾರಿ ಸಸಿಗಳ ನರ್ಸರಿ ಇಟ್ಟಿದ್ದಾನೆ. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ಉಂಗುರ, ಬಟ್ಟೆ, ಕೈಗಡಿಯಾರ ಕೊಡುವುದು ವಾಡಿಕೆ. ಅತ್ತಿಗೆ ನನ್ನ ಮನೆಗೆ ಬಂದು ಕೂತು, ನೀರು ಕುಡಿದು, ಅವರು ಇಲ್ಲದಿದ್ದರೂ ಅವರ ಕೈಯಲ್ಲಿ ಇದ್ದದ್ದು ಅಳಿಯನ ಕೈಯಲ್ಲಿ ಇರಲಿ ಎಂದು ಆಸೆ ಅಂದರು. ಧಾರೆ ಎರೆಯುವಾಗ ಅವರು ಅಲ್ಲೇ ಇದ್ದ ಹಾಗೆ ಇರುತ್ತದೆ ಅಂದರು. ಅದಕ್ಕೆ ಬೇಡ ಎನ್ನುವ ಬಾಯಿ ಯಾರಿಗಿದೆ. ನಾನು ಅಲ್ಲೇ ಬಿಚ್ಚಿದೆ. ಕೊಂಡಿಗೆ ಬೇಳೆಯ ಚೂರು ಅಂಟಿತ್ತು. ಬಟ್ಟಲಿನಲ್ಲಿ ನೀರು ತಂದು ಅವರ ಮುಂದೆಯೇ ತೊಳೆದು ಒರೆಸಿದೆ. ಕೊಡುವಾಗ ಒಂದೇ ಮಾತು ಹೇಳಿದೆ.

“ಇದನ್ನ ಹಿಂಗೇ ಕೊಡಿ ಅತ್ತಿಗೆ.”

“ಗೀರು ಬಿದ್ದಿರೋದ್ನ ಹೆಂಗಮ್ಮಿ ಕೊಡೋದು? ಬೀಗರು ಹಳೇದು ದಾಟಿಸಿದ್ರು ಅಂತಾರೆ.” ಆಮೇಲೆ ಅವರೇ ದನಿ ತಗ್ಗಿಸಿ, “ನಿಮ್ಮಣ್ಣನ್ನ ಯಾರೂ ಒಂದು ಮಾತು ಅನ್ನಬಾರದು ಆವತ್ತು” ಅಂದರು.

ಅವರು ಹೇಳಿದ್ದು ತಪ್ಪಲ್ಲ. ಊರು ಅವನನ್ನು ಅಂದದ್ದು ಸಾಕಷ್ಟಿತ್ತು. ನಾನು ಸೀರೆ ತುಂಡನ್ನೂ ಮಡಿಸಿ ಗಡಿಯಾರದ ಜೊತೆ ಅವರ ಚೀಲಕ್ಕೆ ಹಾಕಿದೆ.

ವರಪೂಜೆಯ ಸಂಜೆ ಹುಡುಗನನ್ನು ಕೂರಿಸಿ ಒಂದೊಂದೇ ಕೊಟ್ಟರು. ಗಡಿಯಾರದ ಪೆಟ್ಟಿಗೆ ತೆಗೆದಾಗ ಛತ್ರದ ದೀಪವೆಲ್ಲ ಅದರ ಮೇಲೆ ಬಿದ್ದ ಹಾಗಾಯಿತು. ಬೀಗರ ಕಡೆಯ ಹೆಂಗಸರು ಕತ್ತು ಚಾಚಿ ನೋಡಿದರು. ಅಂಗಡಿಯವರು ಅಣ್ಣನಿಗೆ ಹೇಳಿದ್ದಂತೆ ಪಾಲಿಶ್ ಮಾಡಿ ಕೊಟ್ಟಿದ್ದರು, ಒಂದು ಕಲೆ ಇಲ್ಲ, ಒಂದು ಗೆರೆ ಇಲ್ಲ. ಅಣ್ಣ ಬಿಳಿ ಅಂಗಿ ಹಾಕಿಕೊಂಡು ಹೋಗಿ ತಂದ ದಿನ ಹೇಗಿತ್ತೋ ಹಾಗೆ. ಅತ್ತಿಗೆ ಗುಂಪಿನ ನಡುವೆ ನನ್ನನ್ನು ಹುಡುಕಿ ಬಂದು ತೋಳು ಹಿಡಿದರು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಇತ್ತು.

“ನೋಡು, ಹೊಸದರಂಗೆ ಆಗೈತಲ್ವಾ?”

“ಚೆನ್ನಾಗೈತೆ ಅತ್ತಿಗೆ” ಅಂದೆ.

ಈಗ ಹುಡುಗ, ಹುಡುಗಿ ಹಬ್ಬ ಹರಿದಿನಕ್ಕೆ ಬಂದು ಹೋಗುತ್ತಾರೆ. ಅವನು ಗಡಿಯಾರವನ್ನು ಬಿಡದೆ ಕಟ್ಟುತ್ತಾನೆ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ, ಇದನ್ನು ತೊಳೆಯುವುದು ನಿಮಗೆ ಗೊತ್ತಂತಲ್ಲ, ಹೇಳಿಕೊಡಿ ಎಂದು ಕೇಳಿದ. ಹೇಳಿಕೊಟ್ಟೆ. ಮೊದಲು ತಿರುಗಣೆ ನೋಡಪ್ಪ, ನೀರು ಉಗುರುಬೆಚ್ಚಗಿರಲಿ, ಮಕ್ಕಳ ಸೋಪು ಸಾಕು, ಕೊಂಡಿಗಳನ್ನು ಅಗಲಿಸಿ ಉಜ್ಜು, ಅವಸರ ಮಾಡಬೇಡ, ರಾತ್ರಿ ಹೊತ್ತು ತಾರೀಕು ತಿರುಗಿಸಬೇಡ. ಬ್ರಷ್ಷು, ಬಟ್ಟಲು ಎರಡನ್ನೂ ಅವನಿಗೇ ಕೊಟ್ಟು ಕಳಿಸಿದೆ. ಹುಣಸೆಹಣ್ಣಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ನಗುತ್ತಿದ್ದನೇನೋ, ಅಥವಾ ಅವನಿಗೂ ಬೇಜಾರಾಗುತ್ತಿತ್ತೇನೋ...

ಈ ಸಲದ ಆಯುಧಪೂಜೆಗೆ ಅತ್ತಿಗೆಯ ಮನೆಯ ದೀಪಗಳನ್ನು ನಾನೇ ಬೆಳಗಿದೆ. ಕೈ ಸೋತು ಬಂತು, ಮೊದಲಿನಂತೆ ಆಗುವುದಿಲ್ಲ. ಕತ್ತರಿಯನ್ನೂ ಉಜ್ಜಿದೆ. ಅದನ್ನು ಈಗ ಯಾರೂ ಬಳಸುವುದಿಲ್ಲ. ಹಬ್ಬಕ್ಕೆ ಬಂದ ಹುಡುಗ ಮುಖ ತೊಳೆಯಲು ಹೋಗುವಾಗ ಗಡಿಯಾರ ಬಿಚ್ಚಿ ಕಿಟಕಿಯ ಮೇಲೆ ಇಟ್ಟಿದ್ದ. ಅಲ್ಲಿ ಬಿಸಿಲು ಇತ್ತು. ನಾನು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿ, ಓರೆಯಾಗಿ ಹಿಡಿದು ನೋಡಿದೆ. ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆ. ಹೊತ್ತು ಸರಿಯಾಗಿ ತೋರಿಸುತ್ತಿತ್ತು. ನನ್ನ ಮುಖ ಅದರ ಅಂಚಿನಲ್ಲಿ ಕಾಣುತ್ತಿತ್ತು. ಅವ್ವ ಉಜ್ಜಿದ ಗೀರುಗಳು ಇರಲಿಲ್ಲ.